ನಾಲ್ಕು ಅಂಕೆ

ಆರಿಕ್ಕಾಡಿಯ ಸಂಕ ದಾಟಿದರೆ ನನ್ನ ಅಂಗಡಿ.
ಒಂದು ಕಂಪ್ರೆಸರು, ಗುಳ್ಳೆ ನೋಡಲಿಕ್ಕೆ ಒಂದು ತೊಟ್ಟಿ ನೀರು,
ಮಲಯಾಳದಲ್ಲಿ ಬೋರ್ಡು, ಕನ್ನಡದಲ್ಲಿ ಸಾಲದ ಪುಸ್ತಕ.

ಜುಲೈ ಕೊನೆ. ಇನ್ನೆರಡು ದಿನಕ್ಕೆ ಕಡಲು ತೆರೆಯುತ್ತದೆ ಎನ್ನುವಾಗ
ದೂಮಪ್ಪ ಪುತ್ರನ್ ದೋಣಿಯನ್ನೇ ಎಳೆದು ತಂದು ನಿಲ್ಲಿಸಿದ.
ಅಲೆಯ ಮೇಲೆ ಒಣಗಿದ ಎಲೆಯಷ್ಟು ಕಾಣುವುದು
ಇಲ್ಲಿ ಕುಂಬಳೆ ಬಸ್ಸಿಗೆ ದಾರಿ ಕೊಡಲಿಲ್ಲ.

"ಗಾಳಿ ಮಾತ್ರ ಸಾಕು ಬೇಬಿಯಕ್ಕ.
ಮಲ್ಪೆಗೆ ಹೋಗಿ ಅಡಿಗೆ ಫೈಬರ್ ಹಾಕಿಸಿ ಬರ್ತೇನೆ."

ಗೀರು ಆಳವಾಗಿಯೇ ಇತ್ತು, ಸುಳ್ಳು ಹೇಳಬಾರದು.
ಅಚ್ಚಿನಿಂದ ಎದ್ದ ಎಳೆ ಮೀಸೆ ಕೂಡ ಉದುರಿರಲಿಲ್ಲ.
ನಾನು ಕೂತು, ಕೆಸರು ಒರೆಸಿ, ಪಕ್ಕೆಯ ಮೇಲೆ ಬೆರಳಾಡಿಸಿದೆ:
ಎರಡು, ಆರು, ಸೊನ್ನೆ, ಒಂಬತ್ತು.
ಇಲ್ಲಿ ಮಾತಿಗೆ ಐದಾರು ಬಾಯಿ,
ಈ ಅಂಕೆಗೆ ಒಂದೇ.

"ಒಂಬತ್ತನೇ ಇಸವಿ, ಇಪ್ಪತ್ತಾರನೇ ವಾರ. ನಿಮ್ಮ ಹುಡುಗಿ ಆಗ?"
"ಅಂಗನವಾಡಿ."
"ಈಗ?"
"ಕಾಲೇಜು. ಅದಕ್ಕೂ ಇದಕ್ಕೂ ಎಂತ?
ಶೆಡ್ಡಿನಿಂದ ಹೊಯಿಗೆಗೆ, ಹೊಯಿಗೆಯಿಂದ ಶೆಡ್ಡಿಗೆ,
ವರ್ಷಕ್ಕೆ ಎರಡು ಸಲ, ಇನ್ನೂರು ಹೆಜ್ಜೆ.
ಓಡದ ಟಯರು ಹೇಗೆ ಹಳತಾಗ್ತದೆ ಮಾರಾಯ್ತಿ?"

ನಾನು ಹೆಬ್ಬೆರಳಿಂದ ಪಕ್ಕೆಯನ್ನು ಒತ್ತಿ ಬಾಗಿಸಿದೆ.
ಬಿರುಕುಗಳು ಬಾಯಿ ತೆರೆದವು,
ಗದ್ದೆಗೆ ಹೋಗುವವಳ ಹಿಮ್ಮಡಿಯಂತೆ.
ಒಂದೇ ಮಗ್ಗುಲಿಗೆ ಬಿಸಿಲು, ಒಂದೇ ಜಾಗದಲ್ಲಿ ಭಾರ,
ಒಂದು ಸುತ್ತೂ ತಿರುಗದೆ ಹೊತ್ತುಕೊಂಡ ಹತ್ತು ತಿಂಗಳು.
ಓಡಿದ್ದರೆ ಸವೆಯುತ್ತಿತ್ತು. ಸವೆದದ್ದು ಕಣ್ಣಿಗೆ ಕಾಣುತ್ತದೆ.

ಗುಂಬವೂ ಹಾಗೆಯೇ. ಓಡಿ ಬಿಸಿಯಾದದ್ದನ್ನು
ಹಾಗೇ ನೀರಿಗೆ ಇಳಿಸುತ್ತೀರಿ; ಅದು ಒಳಗೆ ಉಸಿರೆಳೆದುಕೊಳ್ಳುತ್ತದೆ,
ಉಸಿರಿನ ಜೊತೆ ಉಪ್ಪು. ಗ್ರೀಸು ಮಜ್ಜಿಗೆಯಾಗುತ್ತದೆ.
ಇದನ್ನೂ ಹೇಳಿದೆ. ದೋಣಿಯ ತೂಕ, ಇಂಜಿನ್ನಿನ ತೂಕ,
ಒದ್ದೆ ಬಲೆ ಯಾಕೆ ಒಳಗಿದೆ, ಅದನ್ನೂ ಕೇಳಿದೆ.
ಎರಡೇ ಟಯರು ಅಣ್ಣ, ಹಿಂದೆ ಬೈಕುಗಳು ಬರುತ್ತವೆ.

"ಗಾಳಿ ಹಾಕ್ತೀಯೋ ಇಲ್ವೋ?"
"ಇಲ್ಲ."

ಹೋದ. ಮೊಯ್ದುವಿನ ಅಂಗಡಿಯಲ್ಲಿ ಹಾಕಿಸಿಕೊಂಡ,
ಮೊಯ್ದುವಿನ ಕಂಪ್ರೆಸರಿನ ಸದ್ದು ನನಗೆ ಇಲ್ಲಿಗೆ ಕೇಳುತ್ತದೆ.
ಆ ಸಂಜೆ ಹೆದ್ದಾರಿಯಲ್ಲಿ ಏನು ಸಿಡಿದರೂ
ಪಾನೆ ಕೆಳಗಿಟ್ಟು ಕಿವಿಗೊಟ್ಟೆ.
ಒಂದು ಮದುವೆ ದಿಬ್ಬಣದ ಪಟಾಕಿಗೂ.

ನಾಲ್ಕನೇ ದಿನ ದೋಣಿ ಹೊಳೆಯುತ್ತಾ ಹಿಂದಿರುಗಿತು.
ಹಾರ್ನ್ ಹೊಡೆದ, ಕೈ ಹೊರಗೆ ಹಾಕಿ ಬೀಸಿದ.
"ನೋಡು, ಏನೂ ಆಗ್ಲಿಲ್ಲ!"
ಹೌದು, ಏನೂ ಆಗಲಿಲ್ಲ.
ನನಗೆ ಸಮಾಧಾನವಾಯಿತು.
ಸ್ವಲ್ಪ ಸಿಟ್ಟೂ ಬಂತು, ಅದನ್ನು ಯಾರಿಗೂ ಹೇಳಿಲ್ಲ.
ಸಿಡಿಯದೇ ಇದ್ದದ್ದಕ್ಕೆ ಟಯರಿನ ಹತ್ತಿರ
ಯಾವ ಮಾತೂ ಕೊಟ್ಟಿರಲಿಲ್ಲ, ಅಷ್ಟೇ.

ದಸರೆ ರಜೆಯಲ್ಲಿ ಅವನ ಮಗಳು ಬಂದಳು, ರೇಷ್ಮಿತಾ.
ಮೊಬೈಲಿನಲ್ಲಿ ಫೋಟೋ: ಕಾಲೇಜು ವ್ಯಾನಿನ ನಾಲ್ಕು ಚಕ್ರ,
ಮಾವನ ಆಟೋದ ಮೂರು,
ಕೋಯಿಪ್ಪಾಡಿ ಕಡಪ್ಪುರದಲ್ಲಿ ನಿಂತ ಎಲ್ಲ ಟ್ರೇಲರು.
"ಓದಿ ಹೇಳಿ ಬೇಬಿಯಕ್ಕ, ಇದು ವಾರ ತಾನೆ, ಇದು ಇಸವಿ?"
ಕೆಲವಕ್ಕೆ ಅಂಕೆಯೇ ಕಾಣಿಸುತ್ತಿರಲಿಲ್ಲ,
ಒಳಮಗ್ಗುಲಿಗೆ ತಿರುಗಿಸಿ ಕೂರಿಸಿದ್ದರು.
"ಅಡಿಗೆ ಮಲಗಿ ತೆಗಿ," ಎಂದೆ. ಮತ್ತೆ ಹೋದಳು.

ಮರುವಾರ ದೂಮಪ್ಪ ಬಂದ. ಮಾತಿಲ್ಲ.
ಹೊಸ ಜೋಡಿ ಕೂರಿಸಿದೆ. ಸಾಲದ ಪುಸ್ತಕದಲ್ಲಿ ಬರೆದೆ,
ಹೆಸರು, ಮೊತ್ತ, ಪಕ್ಕದಲ್ಲಿ ನಾಲ್ಕು ಅಂಕೆ.
ಹಳೆಯದನ್ನು ಬಿಟ್ಟು ಹೋಗಲಿಲ್ಲ.

ಮೊನ್ನೆ ಮೀನಿಗೆ ಹೋದಾಗ ಕಂಡೆ:
ಹಗ್ಗ ಕಟ್ಟಿ ದೋಣಿಯ ಪಕ್ಕಕ್ಕೆ ನೇತುಹಾಕಿದ್ದಾನೆ.
ಅಲೆ ಬಂದಾಗ ಕಲ್ಲಿಗೂ ದೋಣಿಗೂ ನಡುವೆ
ಅದು ಅಪ್ಪಚ್ಚಿಯಾಗುತ್ತದೆ, ಮತ್ತೆ ದುಂಡಗಾಗುತ್ತದೆ.
ಮೀಸೆಗಳು ಇನ್ನೂ ಹಾಗೇ ಇವೆ.